ಒಗೆದರೂ ಬಿಡದ ಕಮಟು

ಚೆನ್ನಾಗಿ ಒಗೆದು, ಬಿಸಿಲಿಗೆ ಹರವಿ, ಇಸ್ತ್ರಿ ಮಾಡಿ ಬೀರುವಿನಲ್ಲಿಟ್ಟ ಅಂಗಿಯೊಂದು, ಹೊರತೆಗೆದು ಮೂಸಿದಾಗ ಯಾವ ದೋಷವನ್ನೂ ತೋರದೆ ಇದ್ದು, ತೊಟ್ಟುಕೊಂಡು ಹೊರಟು ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿದು ನಿಂತ ಅರ್ಧ ಗಂಟೆಯೊಳಗಾಗಿ, ಕಳೆದ ಬೇಸಗೆಯ ಬೆವರನ್ನೆಲ್ಲ ಒಮ್ಮೆಗೇ ಜ್ಞಾಪಿಸಿಕೊಂಡಂತೆ ನಾರತೊಡಗುವುದು ಅನೇಕರ ಅನುಭವಕ್ಕೆ ಬಂದಿರುವ ಸಂಗತಿ. ಆ ಹೊತ್ತಿನಲ್ಲಿ ಮನುಷ್ಯನು ಮೊದಲು ಶಂಕಿಸುವುದು ತನ್ನ ಮೈಯನ್ನು. ಸ್ನಾನ ಮಾಡಿಯೇ ಹೊರಟಿದ್ದೇನೆಂಬ ನೆನಪು ಬಂದ ಮೇಲೆ ಸೋಪನ್ನು. ಕೊನೆಗೆ, ಅದು ನ್ಯಾಯವಲ್ಲದಿದ್ದರೂ, ಮನೆಯಲ್ಲಿ ಬಟ್ಟೆ ಒಗೆಯುವವರನ್ನು. ನಿಜಸ್ಥಿತಿಯೆಂದರೆ, ಅಂಗಿಯಿಂದ ಧೂಳು ಹೋಗಿದೆ, ಉಪ್ಪು ಹೋಗಿದೆ, ಕಣ್ಣಿಗೆ ಕಾಣುವ ಕೊಳೆಯೆಲ್ಲ ಹೋಗಿದೆ. ನೂಲಿನೊಳಕ್ಕೆ ಇಳಿದು ನಿಂತ ಜಿಡ್ಡು ಮಾತ್ರ ಹೋಗಿಲ್ಲ. ತಣ್ಣಗಿರುವಷ್ಟು ಕಾಲ ಸುಮ್ಮನಿದ್ದ ಆ ಜಿಡ್ಡು, ಮೈಯ ಬಿಸಿಯೂ ತೇವವೂ ತಗುಲಿದೊಡನೆ ತನ್ನಲ್ಲಿ ಅಡಗಿಸಿಕೊಂಡಿದ್ದ ವಾಸನೆಯನ್ನು ಗಾಳಿಗೆ ಬಿಡುತ್ತದೆ. ಇಂಥ ಬಟ್ಟೆಗೆ ಬೇಕಾದುದು ಇನ್ನಷ್ಟು ಸುಗಂಧವೂ ಅಲ್ಲ, ಇನ್ನಷ್ಟು ನೊರೆಯೂ ಅಲ್ಲ. ಬಿಸಿನೀರು, ಕ್ಷಾರ ಮತ್ತು ಕೆಲವು ಗಂಟೆಗಳ ಅವಕಾಶ. ಈ ಮೂರನ್ನೂ ನಮ್ಮ ಹಿಂದಿನವರು ಬಲ್ಲವರಾಗಿದ್ದು, ಯಂತ್ರಗಳ ಅವಸರದಲ್ಲಿ ನಾವು ಕೈಬಿಟ್ಟೆವೆಂಬುದು ನನ್ನ ಅಭಿಪ್ರಾಯ.

ಬೆವರು ನಾರುತ್ತದೆಂಬುದು ಲೋಕರೂಢಿಯ ಮಾತಾದರೂ, ಚರ್ಮದಿಂದ ಆಗತಾನೆ ಒಸರಿದ ಬೆವರಿಗೆ ಹೇಳಿಕೊಳ್ಳುವಂಥ ವಾಸನೆಯಿಲ್ಲ. ನಮ್ಮ ದೇಹದಲ್ಲಿ ಸ್ವೇದಗ್ರಂಥಿಗಳು ಮುಖ್ಯವಾಗಿ ಎರಡು ಬಗೆಯವು. ಇಪ್ಪತ್ತರಿಂದ ನಲವತ್ತು ಲಕ್ಷದಷ್ಟು ಸಂಖ್ಯೆಯಲ್ಲಿ ಮೈತುಂಬ ಹರಡಿಕೊಂಡು, ನೀರನ್ನೂ ಉಪ್ಪನ್ನೂ ಹೊರಚೆಲ್ಲಿ ದೇಹವನ್ನು ತಂಪಾಗಿಡುವವು ಒಂದು ಬಗೆ. ಬಿಸಿಲಿನಲ್ಲಿ ದುಡಿಯುವವನ ಬೆನ್ನ ಮೇಲೆ ಧಾರೆಯಾಗಿ ಇಳಿದು, ಆರಿದ ಮೇಲೆ ಬಟ್ಟೆಯಲ್ಲಿ ಬಿಳಿಯ ಗೆರೆಯಾಗಿ ಉಳಿಯುವ ಬೆವರು ಇವುಗಳದ್ದು, ಮತ್ತು ಅದು ತಣ್ಣೀರಿನಲ್ಲಿ ಎರಡು ಸಾರಿ ಜಾಲಿಸಿದರೆ ಹೋಗಿಬಿಡುತ್ತದೆ. ಎರಡನೆಯ ಬಗೆಯವು ಕಂಕುಳು, ತೊಡೆಯ ಸಂದು ಮೊದಲಾದ ಕೆಲವೇ ಎಡೆಗಳಲ್ಲಿದ್ದು, ಪ್ರಾಯ ಬರುವ ತನಕ ನಿದ್ರಿಸುತ್ತಿದ್ದು, ಆಮೇಲೆ ಎಚ್ಚೆತ್ತು, ಕೊಬ್ಬು ಮತ್ತು ಪ್ರೋಟೀನಿನ ಅಂಶಗಳು ಬೆರೆತ ತುಸು ಮಂದವಾದ ದ್ರವವೊಂದನ್ನು ಸ್ರವಿಸುತ್ತವೆ. ಎಳೆಯ ಮಕ್ಕಳು ದಿನವೆಲ್ಲ ಕುಣಿದು ತೊಯ್ದು ತೊಪ್ಪೆಯಾಗಿ ಬಂದರೂ ಅವರ ಅಂಗಿಯಲ್ಲಿ ದೊಡ್ಡವರ ಅಂಗಿಯ ನಾತವಿಲ್ಲದಿರುವುದಕ್ಕೆ ಇದೇ ಕಾರಣ.

ಈ ಎರಡನೆಯ ದ್ರವವೂ ಸ್ವತಃ ನಿರ್ಗಂಧವಾದದ್ದೇ. ಅದನ್ನು ಉಂಡು ಬಾಳುವ ಸೂಕ್ಷ್ಮಾಣುಗಳು, ಮುಖ್ಯವಾಗಿ ಕೊರಿನೆಬ್ಯಾಕ್ಟೀರಿಯಂ ಕುಲದವು ಮತ್ತು ಸ್ಟ್ಯಾಫಿಲೊಕಾಕಸ್ ಹೋಮಿನಿಸ್ ಎಂಬ ಜಾತಿಯವು, ನಮ್ಮ ಕಂಕುಳಿನ ತೇವವಾದ ಬೆಚ್ಚನೆಯ ಆಶ್ರಯದಲ್ಲಿ ಅದನ್ನು ಒಡೆದು, ಬಗೆಬಗೆಯ ಮೇದಾಮ್ಲಗಳನ್ನೂ ಗಂಧಕ ಸೇರಿದ ಕೆಲವು ವಸ್ತುಗಳನ್ನೂ ಉಳಿಸುತ್ತವೆ. ಮೇದಾಮ್ಲಗಳದ್ದು ಹಳಸಿದ ತುಪ್ಪವನ್ನೋ ಮೇಕೆಯ ಕೊಟ್ಟಿಗೆಯನ್ನೋ ನೆನಪಿಸುವ ಹುಳಿನಾತ. ಗಂಧಕದವುಗಳದ್ದು ಈರುಳ್ಳಿಯ ಘಾಟು, ಮತ್ತು ಅತ್ಯಲ್ಪ ಪ್ರಮಾಣದಲ್ಲಿದ್ದರೂ ಮೂಗು ಅದನ್ನು ಪತ್ತೆಮಾಡುತ್ತದೆ. ಪ್ರಸಂಗವಶಾತ್ ಒಂದು ಮಾತು: ಚೀನಾ, ಕೊರಿಯಾ, ಜಪಾನ್ ದೇಶಗಳ ಬಹುಪಾಲು ಜನರಲ್ಲಿ ಒಂದು ಜೀನಿನ ವ್ಯತ್ಯಾಸದಿಂದ ಈ ನಾತಕ್ಕೆ ಬೇಕಾದ ಮೂಲದ್ರವ್ಯವೇ ಕಡಮೆಯಾಗಿ ಸ್ರವಿಸುತ್ತದೆ, ಅದೇ ಜೀನು ಅವರ ಕಿವಿಯ ಗುಗ್ಗೆಯನ್ನು ಅಂಟಂಟಾಗದೆ ಒಣಪುಡಿಯಾಗಿರುವಂತೆಯೂ ಮಾಡುತ್ತದೆ. ಕಂಕುಳಿಗೂ ಕಿವಿಗೂ ಇರುವ ಈ ನಂಟನ್ನು ಯಾರು ತಾನೆ ಊಹಿಸಿದ್ದರು!

ಇಷ್ಟು ಮೈಯ ವಿಚಾರವಾಯಿತು, ಇನ್ನು ಬಟ್ಟೆಯದು. ಹತ್ತಿಯ ತಂತು ನೀರನ್ನು ಪ್ರೀತಿಸುವಂಥದು. ಸಾಧಾರಣ ತೇವದ ಹವೆಯಲ್ಲಿ ನೂರು ತೂಕದ ಹತ್ತಿ ಸುಮಾರು 8 ತೂಕದಷ್ಟು ನೀರಾವಿಯನ್ನು ತನ್ನಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಒಗೆಯುವಾಗಲೂ ನೀರು ಅದರ ಒಳಕ್ಕೆ ಹೊಕ್ಕು ಹೊರಬರುತ್ತದೆ. 1941ರಲ್ಲಿ ಇಂಗ್ಲೆಂಡಿನಲ್ಲಿ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬಿಬ್ಬರು ರಸಾಯನಶಾಸ್ತ್ರಜ್ಞರು ಕಂಡುಹಿಡಿದು, ಟೆರಿಲಿನ್ ಎಂಬ ಹೆಸರಿನಿಂದ ಪ್ರಸಿದ್ಧವಾಗಿ, ಸುಕ್ಕುಗಟ್ಟದ ಗುಣದಿಂದಲೇ ನಮ್ಮ ಮಧ್ಯಮ ವರ್ಗದ ಮನಸ್ಸನ್ನು ಗೆದ್ದ ಪಾಲಿಯೆಸ್ಟರ್ ತಂತುವಾದರೋ, ಅದೇ ಹವೆಯಲ್ಲಿ ನೂರಕ್ಕೆ ಅರ್ಧ ತೂಕದಷ್ಟು ನೀರನ್ನೂ ಒಳಗೆ ಸೇರಿಸದು. ನೀರನ್ನು ಹೀಗೆ ದೂರವಿಡುವ ಆ ತಂತು ಎಣ್ಣೆಯನ್ನು ಮಾತ್ರ ಬರಮಾಡಿಕೊಳ್ಳುತ್ತದೆ. ಉಪ್ಪಿನಕಾಯಿ ಹಾಕಿಟ್ಟ ಪ್ಲಾಸ್ಟಿಕ್ ಡಬ್ಬಿಯನ್ನು ಎಷ್ಟು ತೊಳೆದರೂ ಒಳಮೈಯ ಜಿಡ್ಡೂ ವಾಸನೆಯೂ ಬಿಡದಿರುವಂತೆಯೇ ಪಾಲಿಯೆಸ್ಟರ್ ಅಂಗಿಯ ಕಂಕುಳಿನ ಸ್ಥಿತಿಯೂ. ಬೆಲ್ಜಿಯಂ ದೇಶದ ಗೆಂಟ್ ವಿಶ್ವವಿದ್ಯಾನಿಲಯದವರು 2014ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದರಲ್ಲಿ, 26 ಮಂದಿ ಒಂದೇ ಎಡೆಯಲ್ಲಿ ಸೈಕಲ್ ತುಳಿಯುವ ವ್ಯಾಯಾಮ ಮಾಡಿ ಬೆವರಿದ ಅಂಗಿಗಳನ್ನು 28 ಗಂಟೆ ಹಾಗೆಯೇ ಇಟ್ಟು, ಮೂಸಿ ಬೆಲೆಕಟ್ಟುವುದರಲ್ಲಿ ಪಳಗಿದವರ ಮುಂದಿಟ್ಟರು. ಹತ್ತಿಯವುಗಳಿಗಿಂತ ಪಾಲಿಯೆಸ್ಟರಿನವು ಹೆಚ್ಚು ಅಸಹ್ಯವಾಗಿವೆಯೆಂಬ ತೀರ್ಪು ಬಂದುದಲ್ಲದೆ, ಕಂಕುಳಲ್ಲಿ ಅಷ್ಟಾಗಿ ಮೆರೆಯದ ಮೈಕ್ರೊಕಾಕಸ್ ಎಂಬ ಸೂಕ್ಷ್ಮಾಣು ಆ ಕೃತಕ ಬಟ್ಟೆಯ ಮೇಲೆ ಸೊಂಪಾಗಿ ಬೆಳೆದಿರುವುದೂ ಕಂಡುಬಂತು. ಬಟ್ಟೆಯ ಮೇಲೆ ನಡೆಯುವುದು, ಅಂತೂ, ಮೈಯ ಮೇಲೆ ನಡೆಯುವುದರ ಪಡಿನೆರಳಲ್ಲ. ಅಲ್ಲಿಯದೇ ಒಂದು ಬೇರೆ ಸಂಸಾರ.

ಬೀರುವಿನಲ್ಲಿರುವ ಹಳೆಯ ಟೆರಿಕಾಟ್ ಅಂಗಿಯೊಂದನ್ನು ಒಳಮಗ್ಗುಲು ಹೊರಗಾಗುವಂತೆ ಮಗುಚಿ, ಕಿಟಕಿಯ ಬೆಳಕಿಗೆ ಹಿಡಿದು ನೋಡುವವರಿಗೆ ಈ ಮಾತು ತಾನಾಗಿ ಮನದಟ್ಟಾಗುತ್ತದೆ. ತೋಳು ಕೂಡುವ ಹೊಲಿಗೆಯ ಎರಡೂ ಪಕ್ಕಗಳಲ್ಲಿ ಅಂಗೈ ಅಗಲದ ಜಾಗ ಉಳಿದ ಬಟ್ಟೆಗಿಂತ ತುಸು ಬಿರುಸಾಗಿ, ಬೆರಳಿಗೆ ಮೇಣ ಸವರಿದಂತೆ ತೋರುತ್ತದೆ. ಅಲ್ಲಿ ಒಂದು ಹನಿ ನೀರು ಬಿಟ್ಟರೆ, ಬೆನ್ನಿನ ಭಾಗದಲ್ಲಿ ಬೇಗನೆ ಹರಡಿಕೊಳ್ಳುವ ಅದೇ ನೀರು ಇಲ್ಲಿ ಗುಂಡಗೆ ಕುಳಿತು, ಒಳಕ್ಕಿಳಿಯಲೋ ಬೇಡವೋ ಎಂದು ಯೋಚಿಸುವಂತೆ ತಡೆಯುತ್ತದೆ. ನೀರೇ ಹೊಗದ ಎಡೆಗೆ ಸೋಪು ಹೊಗುವುದೆಂತು? ಆ ಪದರದಲ್ಲಿ ಮೈಯ ಜಿಡ್ಡಿನೊಡನೆ ಹಳೆಯ ಸೋಪಿನ ಶೇಷವೂ, ಬೆವರು ತಡೆಯಲೆಂದು ಬಳಿದುಕೊಂಡ ಲೇಪನಗಳ ಅಲ್ಯೂಮಿನಿಯಂ ಲವಣವೂ ಮೇಣವೂ ಸೇರಿಕೊಂಡಿರುತ್ತವೆ. ಬಿಳಿಯ ಅಂಗಿಯ ಕಂಕುಳು ಹಳದಿಗಟ್ಟುವುದರಲ್ಲಿ ಈ ಲವಣದ ಪಾಲೂ ಉಂಟು.

ಮಡಿವಾಳರ ವೃತ್ತಿಯಲ್ಲಿ ಉಬ್ಬೆ ಎಂಬ ಕ್ರಮವೊಂದಿತ್ತು. ಇಂದಿಗೂ ಕೆಲವು ಕಡೆ ಇದೆ. ಊರಿನ ಬಟ್ಟೆಗಳನ್ನೆಲ್ಲ ಚೌಳುಮಣ್ಣಿನ ಅಥವಾ ಸೋಡಾದ ನೀರಿನಲ್ಲಿ ಅದ್ದಿ, ದೊಡ್ಡ ಬಾನಿಯಲ್ಲಿ ಕುದಿಯುವ ನೀರಿನ ಮೇಲೆ ಒಟ್ಟಿ, ಆವಿ ಹೊರಹೋಗದಂತೆ ಮುಚ್ಚಿ, ಇರುಳೆಲ್ಲ ಬೇಯಿಸಿ, ಬೆಳಗಾದ ಮೇಲೆ ಹೊಳೆಗೋ ಕೆರೆಗೋ ಒಯ್ದು ಕಲ್ಲಿನ ಮೇಲೆ ಸೆಳೆದು, ಹರಿಯುವ ನೀರಿನಲ್ಲಿ ಜಾಲಿಸಿ, ಮರಳಿನ ಮೇಲೋ ಹುಲ್ಲಿನ ಮೇಲೋ ಬಿಸಿಲಿಗೆ ಹರವುತ್ತಿದ್ದರು. ಈ ಕ್ರಮವನ್ನು ರಸಾಯನಶಾಸ್ತ್ರದ ದೃಷ್ಟಿಯಿಂದ ಪರಿಶೀಲಿಸಿದರೆ ಅದರಲ್ಲಿ ವ್ಯರ್ಥವಾದುದೊಂದೂ ಕಾಣದು. ಕ್ಷಾರವು ಮೇದಾಮ್ಲದೊಡನೆ ಕೂಡಿದಾಗ ಅದು ಲವಣವಾಗುತ್ತದೆ; ಲವಣವಾದುದು ನೀರಿನಲ್ಲಿ ಕರಗುತ್ತದೆ, ಆವಿಯಾಗಿ ಹಾರಿ ಮೂಗನ್ನು ಮುಟ್ಟುವ ಶಕ್ತಿಯನ್ನೂ ಕಳೆದುಕೊಳ್ಳುತ್ತದೆ. ಬಿಸಿಯು ಜಿಡ್ಡನ್ನು ಇಳಿಸಿ ತಂತುವಿನಿಂದ ಸಡಿಲಗೊಳಿಸುತ್ತದೆ, ಸೂಕ್ಷ್ಮಾಣುಗಳನ್ನು ಕೊಲ್ಲುತ್ತದೆ. ಇರುಳಿನ ದೀರ್ಘ ಕಾಲವು ಈ ಎರಡೂ ಕಾರ್ಯಗಳು ನೂಲಿನ ಒಳತನಕ ನಡೆಯಲು ಅವಕಾಶ ಕೊಡುತ್ತದೆ. ಹನ್ನೆರಡನೆಯ ಶತಮಾನದ ಶರಣ ಮಡಿವಾಳ ಮಾಚಯ್ಯನ ಕಾಯಕವೆಂದು ನಾಡು ಗೌರವಿಸುವ ಈ ಕಸುಬಿನ ಹಿಂದೆ ಇಷ್ಟು ವಿಜ್ಞಾನವಿತ್ತೆಂಬುದನ್ನು, ಉಬ್ಬೆಯ ಹೊಗೆಗೆ ಮೂಗು ಮುಚ್ಚಿಕೊಂಡು ನಡೆದ ನಮ್ಮಂಥವರು ಗಮನಿಸದೆ ಹೋದೆವು.

ಈಗಿನ ಒಗೆತವಾದರೋ, ನಲ್ಲಿಯಿಂದ ಬಂದ ತಣ್ಣೀರಿನಲ್ಲಿ, ಬಣ್ಣ ಕೆಡದ ಸೌಮ್ಯ ದ್ರವದಲ್ಲಿ, ಅರ್ಧ ಗಂಟೆಯೊಳಗೆ ಮುಗಿಯುವ ಕಿರುಸುತ್ತಿನಲ್ಲಿ ನಡೆಯುತ್ತದೆ. ವಿದ್ಯುತ್ತೂ ನೀರೂ ಉಳಿಯುತ್ತವೆ, ಬಟ್ಟೆಯ ಬಾಳಿಕೆಯೂ ಹೆಚ್ಚುತ್ತದೆ. ನಿತ್ಯದ ಕೊಳೆಗೆ ಅಷ್ಟೇ ಸಾಕೆಂಬುದನ್ನು ನಾನು ಅಲ್ಲಗಳೆಯಲಾರೆ. ಆದರೆ ಬಿಸಿಯನ್ನೂ ಕ್ಷಾರವನ್ನೂ ಕಾಲವನ್ನೂ ಏಕಕಾಲದಲ್ಲಿ ತೆಗೆದುಹಾಕಿದ ಮೇಲೆ ಜಿಡ್ಡು ಹೋಗಬೇಕೆಂದು ಅಪೇಕ್ಷಿಸುವುದು ಸರಿಯಲ್ಲ. ಅದು ಒಂದೊಂದು ಒಗೆತದಲ್ಲಿಯೂ ಸ್ವಲ್ಪ ಸ್ವಲ್ಪವಾಗಿ ಉಳಿದು, ತಿಂಗಳುಗಳ ಮೇಲೆ ಪದರಗಟ್ಟುತ್ತದೆ.

ಹಾಗೆ ಪದರಗಟ್ಟಿದ ಅಂಗಿಗೆ ಮನೆಯಲ್ಲೇ ಸಣ್ಣದೊಂದು ಉಬ್ಬೆ ಕೊಡಬಹುದು. ವಾಷಿಂಗ್ ಸೋಡಾ ದಿನಸಿ ಅಂಗಡಿಯಲ್ಲಿ ಸುಲಭಬೆಲೆಗೆ ಸಿಗುವ ವಸ್ತು. ಸೋಡಿಯಂ ಪರ್ಕಾರ್ಬೊನೇಟ್ ಎಂಬುದು ಅದೇ ಸೋಡಾದೊಡನೆ ಹೈಡ್ರೋಜನ್ ಪೆರಾಕ್ಸೈಡ್ ಸೇರಿ ಆದ ಬಿಳಿಯ ಪುಡಿ, ಆಕ್ಸಿಜನ್ ಬ್ಲೀಚ್ ಎಂಬ ಹೆಸರಿನಿಂದ ಮಾರಾಟವಾಗುತ್ತದೆ. ಮೊದಲನೆಯದು ಜಿಡ್ಡನ್ನು ಕರಗಿಸಿದರೆ, ಎರಡನೆಯದು ಅದರ ಜೊತೆಗೆ ಬಿಸಿನೀರಿನಲ್ಲಿ ಆಮ್ಲಜನಕವನ್ನು ಬಿಟ್ಟು, ಗಂಧಕದ ವಸ್ತುಗಳನ್ನು ಉತ್ಕರ್ಷಿಸಿ ವಾಸನೆಯಿಲ್ಲದವುಗಳನ್ನಾಗಿ ಮಾರ್ಪಡಿಸುತ್ತದೆ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕೈ ಇಟ್ಟರೆ ತಡೆಯಲಾರದಷ್ಟು, ಅಂದರೆ 50ರಿಂದ 60 ಡಿಗ್ರಿ ಸೆಲ್ಸಿಯಸ್ ಬಿಸಿಯಿರುವ ನೀರನ್ನು ಅರ್ಧದಷ್ಟು ತುಂಬಿ, ವಾಷಿಂಗ್ ಸೋಡಾವನ್ನಾದರೆ ಒಂದೆರಡು ದೊಡ್ಡ ಚಮಚ, ಪರ್ಕಾರ್ಬೊನೇಟನ್ನಾದರೆ ಪೊಟ್ಟಣದ ಮೇಲೆ ಹೇಳಿರುವಷ್ಟು ಹಾಕಿ, ಪೂರ್ತಿ ಕರಗಿದ ಮೇಲೆ ಅಂಗಿಯನ್ನು ಒಳಮಗ್ಗುಲು ಮಗುಚಿ ಮುಳುಗಿಸಿ, ಮೂರು ನಾಲ್ಕು ಗಂಟೆ ಬಿಡಬೇಕು. ಮುಚ್ಚಳ ಹಾಕಿದರೆ ಬಿಸಿ ಉಳಿಯುತ್ತದೆ. ಆದರೆ ಪರ್ಕಾರ್ಬೊನೇಟ್ ಅನಿಲವನ್ನು ಬಿಡುವುದರಿಂದ ಅದನ್ನು ಬಿಗಿಯಾಗಿ ಮುಚ್ಚಕೂಡದು. ಮೇಲೆತ್ತಿದಾಗ ನೀರು ಚಹಾದ ಬಣ್ಣಕ್ಕೆ ತಿರುಗಿ, ಬಿಸಿ ಆವಿಯೊಡನೆ ಹಳೆಯ ನಾತವೆಲ್ಲ ಮುಖಕ್ಕೆ ಹೊಡೆದರೆ ಹೆದರಬೇಕಾಗಿಲ್ಲ, ಕೆಲಸ ನಡೆದಿದೆಯೆಂದು ತಿಳಿಯಬಹುದು. ಅನಂತರ ಕಂಕುಳ ಭಾಗವನ್ನು ಮೆತ್ತನೆಯ ಬ್ರಷ್ಷಿನಿಂದ ತಿಕ್ಕಿ, ಎಂದಿನಂತೆ ಒಗೆದು, ಧಾರಾಳವಾದ ನೀರಿನಲ್ಲಿ ಜಾಲಿಸಬೇಕು. ಕೈಗೆ ಗವಸು ಅಗತ್ಯ. ಸೋಡಾ ಚರ್ಮವನ್ನು ಸುಡುತ್ತದೆ, ಅಲ್ಯೂಮಿನಿಯಂ ಪಾತ್ರೆಯನ್ನು ತಿನ್ನುತ್ತದೆ. ಬಣ್ಣದ ಬಟ್ಟೆಯಾದರೆ ಒಳಹೊಲಿಗೆಯ ಮೂಲೆಯೊಂದನ್ನು ಮೊದಲು ನೆನೆಸಿ ನೋಡುವುದು ಲೇಸು. ಪಾಲಿಯೆಸ್ಟರನ್ನು ಕುದಿಯುವ ನೀರಿಗೆ ಹಾಕಿದರೆ ಅದರಲ್ಲಿ ಮೂಡಿದ ಸುಕ್ಕು ಮತ್ತೆ ಇಸ್ತ್ರಿಗೂ ಬಗ್ಗದು. ಹಿಗ್ಗುವ ನೂಲು ಸೇರಿದ ಆಟದ ಉಡುಪುಗಳಿಗೆ ಇನ್ನೂ ಕಡಮೆ ಬಿಸಿ, 40 ಡಿಗ್ರಿಯಷ್ಟು, ಸಾಕು. ಬಿಸಿ ಕಡಮೆಯಾದಷ್ಟು ನೆನೆಸುವ ಕಾಲವನ್ನು ಹೆಚ್ಚಿಸಿದರಾಯಿತು.

ಬಿಸಿ ಕಡಮೆಯಿರುವ ಕಡೆ ಕಿಣ್ವಗಳು ಸಹಾಯಕ್ಕೆ ಬರುತ್ತವೆ. ಜರ್ಮನಿಯ ಒಟ್ಟೊ ರೋಮ್ ಎಂಬಾತ 1913ರಲ್ಲಿ ಪ್ರಾಣಿಗಳ ಮೇದೋಜೀರಕ ಗ್ರಂಥಿಯಿಂದ ತೆಗೆದ ಕಿಣ್ವವನ್ನು ಬಟ್ಟೆ ಒಗೆಯಲು ಬಳಸುವ ವಿಧಾನಕ್ಕೆ ಪೇಟೆಂಟ್ ಪಡೆದನು. ಕೊಬ್ಬನ್ನೇ ಒಡೆಯುವ ಲಿಪೇಸ್ ಕಿಣ್ವ ಒಗೆಯುವ ಪುಡಿಗಳಿಗಾಗಿ ಪೇಟೆಗೆ ಬಂದದ್ದು 1988ರಲ್ಲಿ, ಡೆನ್ಮಾರ್ಕಿನ ನೊವೊ ಕಂಪೆನಿಯಿಂದ. ಕಿಣ್ವವುಳ್ಳ ಪುಡಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕರಗಿಸಿ ಒಂದು ಗಂಟೆಯಾದರೂ ನೆನೆಸದಿದ್ದರೆ ಅದಕ್ಕೆ ಕೊಟ್ಟ ಹಣ ಚರಂಡಿಗೆ ಹೋದಂತೆ. ತೀರ ಬಿಸಿನೀರಿನಲ್ಲಿ ಕಿಣ್ವವೇ ಕೆಡುತ್ತದೆ.

ಇನ್ನು ಮನೆಮನೆಯಲ್ಲಿ ಕೈಯಿಂದ ಕೈಗೆ ದಾಟುವ ಉಪಾಯಗಳ ವಿಚಾರ. ವಿನಿಗರ್ ಹಾಕಿ ನೆನೆಸಿದರೆ ವಾಸನೆ ಹೋಗುತ್ತದೆಂಬ ಮಾತು ಅರ್ಧಸತ್ಯ. ಅದು ಆಮ್ಲ, ಆಮ್ಲದಿಂದ ಆಮ್ಲವನ್ನು ಕರಗಿಸಲಾಗದು, ಮೇದಾಮ್ಲಗಳು ಅದರಲ್ಲಿ ಹಾಗೆಯೇ ಉಳಿಯುತ್ತವೆ. ಅಡುಗೆ ಸೋಡಾ ಕ್ಷಾರವೇ ಆದರೂ ಬಲಹೀನವಾದದ್ದು. ಎರಡನ್ನೂ ಒಟ್ಟಿಗೆ ಬೆರೆಸಿ, ಉಕ್ಕಿ ಬರುವ ನೊರೆಯನ್ನು ಕಂಡು ಸಂತೋಷಪಡುವವರುಂಟು. ಆ ನೊರೆಯೆಂದರೆ ಒಂದರ ಗುಣವನ್ನು ಇನ್ನೊಂದು ಕಳೆಯುತ್ತಿರುವ ಸದ್ದು. ಕೊನೆಗೆ ಉಳಿಯುವುದು ಲವಣದ ನೀರು ಮಾತ್ರ. ಬಟ್ಟೆ ಮೆತ್ತಗಾಗಲೆಂದು ಕೊನೆಯ ನೀರಿಗೆ ಹಾಕುವ ಪರಿಮಳದ ದ್ರವಗಳನ್ನಂತೂ ಬೆವರಿನ ಬಟ್ಟೆಗಳಿಂದ ದೂರವಿಡುವುದೇ ಉತ್ತಮ. ಅವು ನೂಲಿನ ಮೇಲೆ ತೆಳುವಾದ ಜಿಡ್ಡಿನ ಲೇಪವನ್ನು ಬಿಟ್ಟೇ ಮೆತ್ತಗೆ ಮಾಡುವುದು. ಆ ಲೇಪದ ಕೆಳಗೆ ಹಳೆಯದು ಭದ್ರವಾಗಿರುತ್ತದೆ, ಹತ್ತಿಯ ಬಟ್ಟೆಯ ನೀರು ಹೀರುವ ಗುಣವೂ ಕುಂದುತ್ತದೆ. ಕ್ರಿಮಿನಾಶಕ ದ್ರವಗಳಿಂದಲೂ ನಾನು ಹೆಚ್ಚಿನದನ್ನು ನಿರೀಕ್ಷಿಸೆನು: ಸೂಕ್ಷ್ಮಾಣುಗಳು ಸತ್ತರೂ ಆಹಾರ ಉಳಿದಿದ್ದರೆ, ಮರುದಿನ ಅಂಗಿ ತೊಟ್ಟ ಮೈಯಿಂದಲೇ ಹೊಸ ಸಂತತಿ ಬಂದು ಊಟಕ್ಕೆ ಕೂರುತ್ತದೆ. ಕ್ಲೋರಿನ್ ಬ್ಲೀಚು ಬಿಳಿಯ ಹತ್ತಿಗೆ ಹೊರತು ಬೇರೆಯವಕ್ಕೆ ಸಲ್ಲದು. ಹಿಗ್ಗುವ ನೂಲನ್ನು ಅದು ಹಾಳುಮಾಡುತ್ತದೆ, ಕಂಕುಳ ಹಳದಿಯನ್ನು ಹೆಚ್ಚಿಸುವುದೂ ಉಂಟು. ವಿನಿಗರಿನೊಡನೆ ಬೆರೆತರೆ ವಿಷಾನಿಲ ಹೊರಡುವುದರಿಂದ ಎರಡನ್ನೂ ಒಂದೇ ಬಕೆಟ್ಟಿಗೆ ಎಂದೂ ತರಕೂಡದು.

ಕೋಲಾರ, ಚಿಕ್ಕಬಳ್ಳಾಪುರ ಮತ್ತು ಬೆಂಗಳೂರಿನ ಹೊರಬಡಾವಣೆಗಳಲ್ಲಿ ಕೊಳವೆಬಾವಿಯ ನೀರನ್ನೇ ನಂಬಿದವರಿಗೆ ಮತ್ತೊಂದು ತೊಡಕಿದೆ. ಆ ಗಡಸು ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ, ಬಾರ್ ಸೋಪಿನೊಡನೆ ಕೂಡಿ, ನೀರಿನಲ್ಲಿ ಕರಗದ ಬೂದುಬಣ್ಣದ ಗಸಿಯಾಗಿ ನೂಲಿಗೆ ಅಂಟುತ್ತದೆ. ಬಕೆಟ್ಟಿನ ಅಂಚಿಗೆ ಕಟ್ಟುವ ಪಾಚಿಯಂಥ ಪದರ ಅದೇ. ಜಿಡ್ಡು ಹೋಗುವುದಿರಲಿ, ಸೋಪೇ ಜಿಡ್ಡಾಗಿ ಉಳಿಯುತ್ತದೆ. ವಾಷಿಂಗ್ ಸೋಡಾ ಆ ಕ್ಯಾಲ್ಸಿಯಂ ಅಂಶವನ್ನು ಬೇರ್ಪಡಿಸಿ ನೀರನ್ನು ಮೆದುವಾಗಿಸುವುದರಿಂದ ಇಲ್ಲಿ ಇಮ್ಮಡಿ ಉಪಯುಕ್ತ. ಮೇಲೆ ನಾನು ಕಡೆಗಣಿಸಿದ ವಿನಿಗರಿಗೂ ಇಲ್ಲಿ ಸ್ಥಾನವುಂಟು: ಒಗೆದಾದ ಮೇಲೆ ಕೊನೆಯ ನೀರಿಗೆ ಅರ್ಧ ಬಟ್ಟಲು ಹಾಕಿದರೆ ಉಳಿದ ಸುಣ್ಣದ ಅಂಶ ಬಿಡುತ್ತದೆ. ಔಷಧ ಅದೇ, ರೋಗ ಬೇರೆ.

ಒಣಗಿಸುವ ವಿಚಾರವನ್ನು ಲಘುವಾಗಿ ಕಾಣುವಂತಿಲ್ಲ. ಮಲೆನಾಡಿನಲ್ಲೂ ಕರಾವಳಿಯಲ್ಲೂ ಆಷಾಢದ ಮಳೆ ಹಿಡಿದಾಗ, ಚೊಕ್ಕಟವಾಗಿ ಒಗೆದ ಬಟ್ಟೆಯೂ ಎರಡು ದಿನ ಹಗ್ಗದ ಮೇಲೆ ತಣ್ಣಗೆ ತೂಗಾಡಿ ಮುಗ್ಗಲು ಹಿಡಿಯುವುದು ಅಲ್ಲಿಯವರಿಗೆ ಹೊಸದಲ್ಲ. ಇದು ಬೆವರಿನ ನಾತವಲ್ಲ, ಬೇರೆಯದೇ. ಮೊರಾಕ್ಸೆಲ್ಲ ಒಸ್ಲೊಯೆನ್ಸಿಸ್ ಎಂಬ ಸೂಕ್ಷ್ಮಾಣು ತೇವದ ಬಟ್ಟೆಯಲ್ಲಿ ಉಳಿದ ಜಿಡ್ಡನ್ನು ತಿಂದು ಬಿಡುವ ಆಮ್ಲವೊಂದು ಇದಕ್ಕೆ ಮುಖ್ಯ ಕಾರಣವೆಂದು ಜಪಾನಿನ ಸಂಶೋಧಕರು 2012ರಲ್ಲಿ ತೋರಿಸಿದರು. ಒಣಗಿಸಿದರೂ ಅದು ಸಾಯದೆ ಕಾದಿದ್ದು, ಮತ್ತೆ ತೇವ ಕಂಡಾಗ ಎಚ್ಚರಗೊಳ್ಳುವುದರಿಂದಲೇ ಟವಲು ಒಣಗಿದ್ದಾಗ ವಾಸನೆಯಿಲ್ಲದೆ ಮುಖ ಒರೆಸಿದೊಡನೆ ನಾರುವುದು. ಮೂಲ ಅಲ್ಲಿಯೂ ಜಿಡ್ಡೇ ಎಂಬುದನ್ನು ಓದುಗರು ಗಮನಿಸಬೇಕು. ಮಲೆನಾಡಿನ ಮನೆಗಳಲ್ಲಿ ಬಚ್ಚಲ ಹಂಡೆಯ ಒಲೆಯ ಬಳಿ ಬಿದಿರುಗಳನ್ನು ಕಟ್ಟಿ ಬಟ್ಟೆ ಹರವುತ್ತಿದ್ದುದು ಹೊಗೆಯ ವಾಸನೆ ಹತ್ತಿಸುತ್ತಿತ್ತಾದರೂ ಮುಗ್ಗಲನ್ನು ಹತ್ತಿರ ಸುಳಿಯಗೊಡುತ್ತಿರಲಿಲ್ಲ. ಒಲೆಯಿಲ್ಲದ ಮನೆಯಲ್ಲಿ ಫ್ಯಾನಿನ ಕೆಳಗೆ, ಒಂದಕ್ಕೊಂದು ತಾಗದಂತೆ, ಒಳಮಗ್ಗುಲು ಹೊರಗಾಗಿ ಹರವಿದರೆ ಅಷ್ಟೇ ಫಲವುಂಟು. ಬಿಸಿಲಿರುವ ನಾಡಿನವರು ಬಿಸಿಲನ್ನೇ ಬಳಸಲಿ. ಅದರ ನೇರಳಾತೀತ ಕಿರಣಗಳು ಸೂಕ್ಷ್ಮಾಣುಗಳನ್ನು ಕೊಲ್ಲುತ್ತವೆ. ಬೆವರಿದ ಅಂಗಿಯನ್ನು ಕಳಚಿ, ಮುದ್ದೆಮಾಡಿ ಕೊಳೆಬಟ್ಟೆಯ ಬುಟ್ಟಿಗೆ ಎಸೆಯುವ ಅಭ್ಯಾಸ ಮಾತ್ರ ಎಲ್ಲಿಯೂ ಕೂಡದು; ಒಗೆಯುವ ದಿನ ದೂರವಿದ್ದರೆ ಗಾಳಿಗೆ ನೇತುಹಾಕಿ ಆರಿಸಿಯಾದರೂ ಇಡಬೇಕು.

ರೇಷ್ಮೆಗೂ ಉಣ್ಣೆಗೂ ಮೇಲಿನ ಯಾವುದನ್ನೂ ಹೇಳಲಾಗದು. ಅವು ಪ್ರಾಣಿಜನ್ಯ, ಪ್ರೋಟೀನಿನಿಂದಾದವು. ಕ್ಷಾರವೂ ಪ್ರೋಟೀನನ್ನು ಒಡೆಯುವ ಕಿಣ್ವವೂ ಕೊಳೆಯೊಡನೆ ಬಟ್ಟೆಯನ್ನೂ ತಿನ್ನುತ್ತವೆ. ಮದುವೆಯ ಮನೆಯಲ್ಲಿ ಉಟ್ಟು ಬೆವರಿದ ರೇಷ್ಮೆ ಸೀರೆಯನ್ನು ಅಂದೇ ನೆರಳಿನ ಗಾಳಿಗೆ ಹರವುವುದು, ರವಿಕೆಯನ್ನಾದರೆ ಅಂಟುವಾಳದ ತಣ್ಣನೆಯ ನೀರಿನಲ್ಲಿ ಮೃದುವಾಗಿ ಹಿಸುಕಿ ತೆಗೆಯುವುದು, ಇಷ್ಟೇ ಸಾಧು. ಉಣ್ಣೆಗೆ ವಾಸನೆಯನ್ನು ತನ್ನೊಳಗೇ ಹಿಡಿದಿಟ್ಟು ಮೂಗಿಗೆ ಬಿಡದಿರುವ ವಿಶೇಷ ಗುಣವಿದ್ದು, ಸೂಕ್ಷ್ಮಾಣುಗಳು ಸಾಕಷ್ಟಿದ್ದರೂ ಅದು ಪಾಲಿಯೆಸ್ಟರಿನಷ್ಟು ನಾರುವುದಿಲ್ಲ. ಅದನ್ನು ಮೇಲಿಂದ ಮೇಲೆ ಒಗೆಯುವ ಅಗತ್ಯವೂ ಬೀಳುವುದಿಲ್ಲ.

ಇಷ್ಟೆಲ್ಲ ಮಾಡಿಯೂ ವಾಸನೆ ಉಳಿದರೆ ಒಗೆಯುವ ಯಂತ್ರವನ್ನೇ ಪರೀಕ್ಷಿಸುವುದು ಯುಕ್ತ. ಮುಂಬಾಗಿಲಿನ ಯಂತ್ರಗಳಲ್ಲಿ ಬಾಗಿಲ ಸುತ್ತಲಿನ ರಬ್ಬರಿನ ಮಡಿಕೆಯನ್ನು ಬೆರಳಿನಿಂದ ಬಿಡಿಸಿ ನೋಡಿದರೆ, ತಣ್ಣೀರಿನ ಒಗೆತದಿಂದ ಉಳಿದ ಸೋಪು, ಜಿಡ್ಡು, ನೂಲಿನ ಚೂರುಗಳು ಸೇರಿ ಕಪ್ಪು ಲೋಳೆಯಾಗಿ ಕುಳಿತಿರುವುದು ಸಾಮಾನ್ಯ. ಅಳತೆ ಮೀರಿ ಸುರಿದ ಒಗೆಯುವ ದ್ರವವೇ ಇದಕ್ಕೆ ಬಹುಮಟ್ಟಿಗೆ ಕಾರಣ, ಏಕೆಂದರೆ ಹೆಚ್ಚಾದ ನೊರೆಯನ್ನು ಜಾಲಿಸಿ ಕಳೆಯಲು ಯಂತ್ರದ ನೀರು ಸಾಲದು. ಆ ಮಡಿಕೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಸೋಪು ಹಾಕುವ ಡ್ರಾಯರನ್ನು ಕಳಚಿ ತೊಳೆದು, ತಿಂಗಳಿಗೊಮ್ಮೆ ಬಟ್ಟೆಯಿಲ್ಲದೆ ಯಂತ್ರದ ಅತಿ ಬಿಸಿಯ ಸುತ್ತನ್ನು ಪರ್ಕಾರ್ಬೊನೇಟ್ ಹಾಕಿ ಓಡಿಸಿ, ಒಗೆತವಿಲ್ಲದಾಗ ಬಾಗಿಲನ್ನು ಓರೆಯಾಗಿ ತೆರೆದಿಡಬೇಕು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಬಾಗಿಲು ಮುಚ್ಚಿ, ಒರೆಸಿ ಒಣಗಿಸಿಡುವುದೇ ಕ್ಷೇಮ.